ಮೇಸ್ತ್ರಿಗೊಂದು ಪ್ರಶ್ನೆ: ಹಿಂದು ಮುಂದಾಗಿ ಘಟ್ಟ ಹತ್ತಿದ ಕಾರು

ಹಳೆಯ ಕಾರುಗಳ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಸಂಪಾದಕರು ಹೋದ ತಿಂಗಳು ಒಂದು ಸಾಲು ಹಾಕಿದ್ದೇ ತಪ್ಪಾಯಿತು. ಶಿರಸಿಯ ನನ್ನ ಮನೆಯ ಜಗಲಿಯಲ್ಲಿ ಅಡಿಕೆ ಹರವಲು ಜಾಗವಿಲ್ಲದಷ್ಟು ಪತ್ರಗಳು ಬಂದಿವೆ. ಮುಕ್ಕಾಲು ಪಾಲು ಅಜ್ಜಂದಿರ ಕಾರುಗಳ ಕಥೆ. ಅಜ್ಜಂದಿರ ಕಾರುಗಳದ್ದು ಒಂದು ವಿಶೇಷ: ಅವುಗಳಲ್ಲಿ ಒಂದೂ ದಾರಿಯಲ್ಲಿ ಕೆಟ್ಟು ನಿಂತದ್ದಿಲ್ಲ. ನಾನು 1962ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಕುಮಟೆಯ ಗ್ಯಾರೇಜೊಂದಕ್ಕೆ ಪಾನಾ ಒರೆಸಲು ಸೇರಿದವನು. ಎಂದೂ ಕೆಡದ ಆ ಕಾರುಗಳೇ ನನಗೆ ಐವತ್ತು ವರ್ಷ ಅನ್ನ ಹಾಕಿದವು.

ಎಲ್ಲಕ್ಕೂ ಉತ್ತರಿಸಲು ಪುಟ ಸಾಲದು. ಕೆಲವನ್ನು ಆರಿಸಿಕೊಂಡಿದ್ದೇನೆ.

*

ಪ್ರಶ್ನೆ: ನಮ್ಮ ಅಜ್ಜ 1920ರ ದಶಕದಲ್ಲಿ ಸಾಹುಕಾರರೊಬ್ಬರ ಫೋರ್ಡ್ ಕಾರು ಓಡಿಸುತ್ತಿದ್ದರು. ದೇವಿಮನೆ ಘಟ್ಟವನ್ನು ಆ ಕಾರು ಹಿಮ್ಮುಖವಾಗಿ ಹತ್ತುತ್ತಿತ್ತು ಎಂದು ಹೇಳುತ್ತಿದ್ದರು. ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಅಜ್ಜ ಬುರುಡೆ ಬಿಟ್ಟರೇ? (ಒಬ್ಬ ಓದುಗರು, ಕುಮಟಾ)

ಉತ್ತರ: ಬುರುಡೆಯಲ್ಲ. ನಕ್ಕವರೆಲ್ಲ ಅಜ್ಜನ ಫೋಟೋಕ್ಕೆ ಒಂದು ಹೂವು ಏರಿಸಿ ತಪ್ಪಾಯಿತು ಎನ್ನಿ.

ಅದು ಫೋರ್ಡ್ ಮಾಡೆಲ್ ಟಿ ಇರಬೇಕು. 1908ರಲ್ಲಿ ಬಂದ ಈ ಕಾರು 1927ರಲ್ಲಿ ನಿಲ್ಲುವಷ್ಟರಲ್ಲಿ ಒಂದೂವರೆ ಕೋಟಿಗೂ ಹೆಚ್ಚು ತಯಾರಾಗಿತ್ತು. ಅದರ ಪೆಟ್ರೋಲ್ ಟ್ಯಾಂಕ್ ಇದ್ದದ್ದು ಮುಂದಿನ ಸೀಟಿನ ಕೆಳಗೆ. ಪೆಟ್ರೋಲ್ ಪಂಪ್ ಎಂಬುದು ಇರಲಿಲ್ಲ. ಟ್ಯಾಂಕ್ ಮೇಲೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಕೆಳಗೆ. ತೋಟದ ಕಾಲುವೆಯ ನೀರು ಹರಿದ ಹಾಗೆ ಪೆಟ್ರೋಲ್ ತಾನಾಗಿ ಇಳಿದು ಬರಬೇಕು. ಕಡಿದಾದ ಏರಿನಲ್ಲಿ ಕಾರಿನ ಮೂತಿ ಮೇಲಾಗುತ್ತದೆ, ಕಾರ್ಬುರೇಟರ್ ಟ್ಯಾಂಕಿನ ಮಟ್ಟಕ್ಕೆ ಏರುತ್ತದೆ. ಟ್ಯಾಂಕಿನಲ್ಲಿ ಎಣ್ಣೆ ತಳ ಕಂಡಿದ್ದರೆ ಹರಿಯುವುದು ನಿಂತು ಎಂಜಿನ್ ಎರಡು ಸಲ ಕೆಮ್ಮಿ ಬಂದಾಗುತ್ತದೆ. ಕಾರನ್ನು ತಿರುಗಿಸಿ ಬೆನ್ನು ಮೇಲೆ ಮಾಡಿದಿರೋ, ಟ್ಯಾಂಕ್ ಮತ್ತೆ ಮೇಲಾಯಿತು.

ಇದಕ್ಕಿಂತ ದೊಡ್ಡ ಲಾಭ ಗೇರಿನದು. ಮಾಡೆಲ್ ಟಿಯ ಕೆಳ ಗೇರಿನಲ್ಲಿ ಎಂಜಿನ್ 2.75 ಸುತ್ತು ತಿರುಗಿದರೆ ಚಕ್ರಕ್ಕೆ ಬಲ ಒಯ್ಯುವ ಶಾಫ್ಟ್ ಒಂದು ಸುತ್ತು ತಿರುಗುತ್ತಿತ್ತು. ರಿವರ್ಸ್ ಗೇರಿನಲ್ಲಿ 4 ಸುತ್ತಿಗೆ ಒಂದು. ಎಂಜಿನ್ನಿನ ಸುತ್ತು ಹೆಚ್ಚಿದಷ್ಟೂ ಎಳೆತ ಹೆಚ್ಚು. ಎಂದರೆ ಆ ಕಾರಿನ ಅತಿ ಬಲವಾದ ಗೇರು ರಿವರ್ಸ್ ಗೇರೇ. ಇಪ್ಪತ್ತು ಅಶ್ವಶಕ್ತಿಯ ಎಂಜಿನ್ನಿಗೆ ಘಟ್ಟದಲ್ಲಿ ಅದೇ ಆಧಾರ.

ಆದರೆ ಕತಗಾಲದ ಕಡೆಯಿಂದ ಹೊರಟು ದೇವಿಮನೆಯವರೆಗೆ ಇಡೀ ಘಟ್ಟವನ್ನು ಅಜ್ಜ ಹಿಮ್ಮುಖವಾಗಿಯೇ ಹತ್ತಿದರು ಎಂದರೆ ನಾನು ಒಪ್ಪುವುದಿಲ್ಲ. ಅವರ ಕುತ್ತಿಗೆ ಉಳಿಯುತ್ತಿರಲಿಲ್ಲ. ಕಡಿದಾದ ಒಂದೆರಡು ಏರುಗಳಲ್ಲಿ ಮಾತ್ರ ಹಾಗೆ ಮಾಡಿರುತ್ತಾರೆ. ಇನ್ನೊಂದು ಮಾತು, ಟ್ಯಾಂಕ್ ತುಂಬಿದ್ದರೆ ಅಷ್ಟೂ ಬೇಕಾಗುತ್ತಿರಲಿಲ್ಲ. ಆ ಕಾರಿನಲ್ಲಿ ಪೆಟ್ರೋಲ್ ಮುಳ್ಳು ಇರಲಿಲ್ಲ; ಸೀಟು ಎತ್ತಿ, ಮುಚ್ಚಳ ತೆಗೆದು, ಕಡ್ಡಿ ಅದ್ದಿ ನೋಡಬೇಕು. ಸಾಹುಕಾರರು ಕೈ ಬಿಗಿ ಹಿಡಿಯುವವರಾಗಿದ್ದರೇ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಅಜ್ಜನ ಕಸುಬು ಸಣ್ಣದಲ್ಲ ಎಂಬುದಕ್ಕೆ ಇನ್ನೊಂದು ವಿಷಯ. ಆ ಕಾರಿಗೆ ಮೂರು ಪೆಡಲ್‌ಗಳು, ಒಂದೂ ಈಗಿನ ಹಾಗಲ್ಲ. ಎಡಗಡೆಯದನ್ನು ಪೂರ್ತಿ ಒತ್ತಿದರೆ ಕೆಳ ಗೇರು, ಅರ್ಧ ಒತ್ತಿದರೆ ನ್ಯೂಟ್ರಲ್, ಬಿಟ್ಟರೆ ಮೇಲಿನ ಗೇರು. ನಡುವಿನದು ರಿವರ್ಸ್. ಬಲಗಡೆಯದು ಬ್ರೇಕ್. ಎಕ್ಸಲರೇಟರ್ ಕಾಲಿಗಲ್ಲ, ಸ್ಟಿಯರಿಂಗ್ ಕೆಳಗಿನ ಸಣ್ಣ ಸರಳಿನಲ್ಲಿ, ಕೈಗೆ. ಈಗಿನ ಚಾಲಕರನ್ನು ಅದರಲ್ಲಿ ಕೂರಿಸಿದರೆ ಬ್ರೇಕ್ ಎಂದು ನಡುವಿನದನ್ನು ತುಳಿದು ಹಿಂದಕ್ಕೆ ಹೋಗಿ ಯಾರದೋ ಬೇಲಿಯಲ್ಲಿರುತ್ತಾರೆ.

*

ಪ್ರಶ್ನೆ: ಕಾರನ್ನು ಕಂಡುಹಿಡಿದವರು ಫೋರ್ಡ್ ಎಂದು ನಾನು, ಬೆಂಜ್ ಎಂದು ಮಗ. ಒಂದು ಮಸಾಲೆ ದೋಸೆಯ ಪಂದ್ಯವಿದೆ. (ಒಬ್ಬ ಓದುಗರು, ಕಾರವಾರ)

ಉತ್ತರ: ಮಗನಿಗೆ ದೋಸೆ ಕೊಡಿಸಿ. ಜರ್ಮನಿಯ ಕಾರ್ಲ್ ಬೆಂಜ್ ತಮ್ಮ ಮೂರು ಚಕ್ರದ ಗಾಡಿಗೆ ಪೇಟೆಂಟ್ ಕೇಳಿದ್ದು 1886ರ ಜನವರಿ 29ರಂದು. ಫೋರ್ಡರ ಹೆಸರು ನಿಂತದ್ದು ಕಂಡುಹಿಡಿದದ್ದಕ್ಕಲ್ಲ, ಅಗ್ಗ ಮಾಡಿದ್ದಕ್ಕೆ. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದ ಷಾಸಿ (ಕಾರಿನ ಅಡಿಗಟ್ಟು) ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು.

ಆದರೆ ನನ್ನನ್ನು ಕೇಳಿದರೆ ಮೊದಲ ದೋಸೆ ಸಲ್ಲಬೇಕಾದ್ದು ಬೆಂಜರ ಹೆಂಡತಿ ಬರ್ಥಾ ಅವರಿಗೆ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. ದಾರಿಯಲ್ಲಿ ಇಂಧನ ಮುಗಿಯಿತು. ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ಲಿಗ್ರೋಯಿನ್ ಕೊಂಡು ಸುರಿದರು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಬ್ರೇಕ್ ಸವೆದಾಗ ಚಮ್ಮಾರರಿಂದ ಚರ್ಮ ಹೊಡೆಸಿದರು. ಏರು ಬಂದಲ್ಲಿ ಇಳಿದು ತಳ್ಳಿದರು. ಜಗತ್ತಿನ ಮೊದಲ ದೂರ ಪ್ರಯಾಣದ ಕಾರನ್ನೇ ತಳ್ಳಬೇಕಾಯಿತು ಎಂಬುದು, ಅರಬೈಲು ಘಟ್ಟದಲ್ಲಿ ಬೆವರು ಸುರಿಸಿದ ನನ್ನಂಥವರಿಗೆ ಸ್ವಲ್ಪ ಸಮಾಧಾನ.

*

ಪ್ರಶ್ನೆ: ಮೇಸ್ತ್ರಿ ಅಜ್ಜನಿಗೆ ನಮಸ್ಕಾರ. ಮದುವೆ ಮನೆಗೆ ಬಂದಿದ್ದ ಒಂದು ಹಳೆ ಪುಟಾಣಿ ಕಾರಿನ ಎರಡು ಬಾಗಿಲುಗಳ ನಡುವೆ ಉದ್ದನೆಯ ಸೀಳು ಇತ್ತು. ಅದು ಯಾಕೆ? (ಆರನೆಯ ತರಗತಿ, ಹೊನ್ನಾವರ)

ಉತ್ತರ: ತಂಗಿ, ಅದು ಕಾರಿನ ಕೈ. ಈಗ ತಿರುಗುವಾಗ ಮಿಣಮಿಣ ದೀಪ ಹಾಕುತ್ತಾರಲ್ಲ, ಅದಕ್ಕಿಂತ ಮೊದಲು ಆ ಸೀಳಿನೊಳಗಿನಿಂದ ಅಂಗೈ ಉದ್ದದ ಕೆಂಪು-ಹಳದಿ ಪಟ್ಟಿಯೊಂದು ಟಕ್ ಎಂದು ಹೊರಗೆ ಚಾಚುತ್ತಿತ್ತು. ಒಳಗೆ ಸಣ್ಣ ಬಲ್ಬ್. ವಿದ್ಯುತ್ ಹರಿದರೆ ಒಳಗಿನ ತಂತಿಯ ಸುರುಳಿ ಅಯಸ್ಕಾಂತವಾಗಿ ಪಟ್ಟಿಯನ್ನು ಎತ್ತುತ್ತದೆ, ನಿಂತರೆ ಅದು ಕೆಳಗೆ ಬೀಳುತ್ತದೆ. ಹೆಸರು ಟ್ರಾಫಿಕೇಟರ್. ಮಾರಿಸ್ ಮೈನರ್ ಕಾರಿನಲ್ಲಿ ಇತ್ತು. ನೀನು ನೋಡಿದ್ದು ಅದೇ ಇರಬಹುದು. ನಮ್ಮ ಮಳೆಗೆ ಅದು ಹೊರಗೆ ಬಂದದ್ದು ಒಳಗೆ ಹೋಗುತ್ತಿರಲಿಲ್ಲ. ಬಲಕ್ಕೆ ಕೈ ಚಾಚಿಕೊಂಡೇ ನೇರ ಹೋಗುವ ಕಾರುಗಳನ್ನು ನಾನು ಕಂಡಿದ್ದೇನೆ. ಅಂಥ ಹೊತ್ತಿನಲ್ಲಿ ಕ್ಲೀನರ್ ಕೆಳಗಿಳಿದು ಅದಕ್ಕೊಂದು ಪೆಟ್ಟು ಕೊಡುವುದೇ ರಿಪೇರಿ.

*

ಪ್ರಶ್ನೆ: 2024ರಲ್ಲಿ ಕಾಳಿಯ ಹಳೆಯ ಸೇತುವೆ ಬಿದ್ದ ಮರುದಿನ ಅಪ್ಪ, ‘ನಮ್ಮ ಕಾಲದಲ್ಲಿ ಕಾರೂ ದೋಣಿಯಲ್ಲೇ ದಾಟುತ್ತಿತ್ತು’ ಎಂದರು. ಕಾರನ್ನು ದೋಣಿಗೆ ಹತ್ತಿಸುವುದು ಹೇಗೆ? (ಒಬ್ಬ ಓದುಗರು, ಸದಾಶಿವಗಡ)

ಉತ್ತರ: ಭಯಪಡುತ್ತಾ ಹತ್ತಿಸುವುದು.

ನಮ್ಮ ಕರಾವಳಿಯಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂದು ನಾಲ್ಕು ನದಿಗಳು ರಸ್ತೆಯನ್ನು ನಾಲ್ಕು ಕಡೆ ಕಡಿಯುತ್ತವೆ. ಸೇತುವೆಗಳು ಒಂದೊಂದಾಗಿ ಬರುವವರೆಗೆ ಇದ್ದದ್ದು ತಾರಿ. ವಾಹನಕ್ಕೆಂದು ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್. ದಂಡೆಯಿಂದ ಅದಕ್ಕೆ ಚಕ್ರದ ಅಂತರಕ್ಕೆ ಸರಿಯಾಗಿ ಎರಡು ಹಲಗೆ ಹಾಕುತ್ತಾರೆ. ಉಬ್ಬರದ ಹೊತ್ತಿನಲ್ಲಿ ಹಲಗೆ ಮಟ್ಟವಾಗಿರುತ್ತದೆ, ಸುಲಭ. ಇಳಿತದಲ್ಲಿ ಜಂಗಲ್ ಕೆಳಗಿಳಿದು ಹಲಗೆ ಜಾರುಬಂಡೆಯಾಗುತ್ತದೆ. ಅನುಭವಸ್ಥ ಚಾಲಕರು ಮನೆಯಿಂದ ಹೊರಡುವ ಮೊದಲೇ ಉಬ್ಬರದ ಹೊತ್ತು ಕೇಳಿಕೊಳ್ಳುತ್ತಿದ್ದರು.

ನಾನು 1968ರಲ್ಲಿ ಒಬ್ಬ ಗಿರಾಕಿಯ ಲ್ಯಾಂಡ್‌ಮಾಸ್ಟರ್ ಕಾರಿನ ಜೊತೆ ಕಾಳಿಯ ದಂಡೆಯ ಕೋಡಿಬಾಗದಿಂದ ಹೀಗೆ ದಾಟಿದ್ದೆ. ಯಜಮಾನರ ಅತ್ತೆ ಹಿಂದಿನ ಸೀಟಿನಲ್ಲಿ ಸುವರ್ಣಗಡ್ಡೆಯ ಚೀಲ ಅಪ್ಪಿಕೊಂಡು ಕುಳಿತಿದ್ದರು. ಕೆಸರಿಗೆ ಕಾಲಿಡಲಾರೆ, ಇಳಿಯಲಾರೆ ಎಂದರು. ನಾನು ಕಾರಿಗೆ ಮುಖ ಮಾಡಿ ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತಾ, ಎಡಕ್ಕೆ ಬಲಕ್ಕೆ ಎಂದು ಕೈಸನ್ನೆ ಮಾಡುತ್ತಾ ಹೋದೆ. ಮುಂದಿನ ಚಕ್ರ ಹಲಗೆಯ ಅಂಚಿಗೆ ಬಂದದ್ದು ನನಗೆ ಕಂಡಿತು, ಕೂಗಲು ಬಾಯಿ ಬರಲಿಲ್ಲ. ಚಕ್ರ ಜಾರಿತು, ಕಾರಿನ ಹೊಟ್ಟೆ ಹಲಗೆಗೆ ತಾಗಿ ನಿಂತಿತು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ‘ದಾಟಿತೇ?’ ಎಂದು ಕೇಳಿದರು. ನಾಲ್ವರು ಅಂಬಿಗರು ಸೊಂಟಮಟ್ಟ ನೀರಿಗಿಳಿದು, ಹೆಗಲು ಕೊಟ್ಟು ಅತ್ತೆಯ ಸಮೇತ ಎತ್ತಿಟ್ಟರು. ಮೇಲೆ ಬಂದ ಮೇಲೆ ಕ್ರಮ ಇಷ್ಟೇ: ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರು ಹಾಕಿ, ನಾಲ್ಕೂ ಚಕ್ರಕ್ಕೆ ಮರದ ತುಂಡಿನ ತಡೆ ಕೊಟ್ಟು, ದೇವರ ಹೆಸರು ಹೇಳುವುದು.

ಇಂಗ್ಲೆಂಡಿನಲ್ಲಿ 1865ರ ಕಾನೂನಿನಂತೆ ತಾನಾಗಿ ಓಡುವ ಗಾಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು, ಊರೊಳಗೆ ಗಂಟೆಗೆ 2 ಮೈಲಿ ಮಾತ್ರ. ಓದಿದಾಗ ನನಗೆ ನಗು ಬರಲಿಲ್ಲ. ಕೋಡಿಬಾಗದಲ್ಲಿ ನನ್ನ ಕೈಯಲ್ಲಿ ಬಾವುಟ ಇರಲಿಲ್ಲ, ಹೆಗಲ ಮೇಲೆ ಕೆಂಪು ಚೌಕ ಇತ್ತು, ಅಷ್ಟೇ ವ್ಯತ್ಯಾಸ.

*

ಪ್ರಶ್ನೆ: ಯುದ್ಧದ ಕಾಲದಲ್ಲಿ ಇದ್ದಿಲು ಹಾಕಿ ಬಸ್ಸು ಓಡಿಸುತ್ತಿದ್ದರು ಎಂದು ನಮ್ಮ ಮಾವನವರು ಹೇಳುತ್ತಿದ್ದರು. ರೈಲಿನ ಹಾಗೆ ಉಗಿಯಿಂದಲೇ? (ಓದುಗರೊಬ್ಬರು, ಸಿದ್ದಾಪುರ)

ಉತ್ತರ: ಅಕ್ಕನವರೇ, ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ. ನನ್ನ ಅಪ್ಪ ಅಂಥ ಬಸ್ಸಿನ ಕ್ಲೀನರ್ ಆಗಿದ್ದರು, ಶಿರಸಿ–ಕುಮಟಾ ದಾರಿಯಲ್ಲಿ.

ಉಗಿ ಅಲ್ಲ, ಅನಿಲ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ತಗಡಿನ ಒಲೆಯೊಂದನ್ನು ಕಟ್ಟಿದರು. ಅದರಲ್ಲಿ ಇದ್ದಿಲು ತುಂಬಿ, ಕೆಳಗಿನಿಂದ ಬೆಂಕಿ ಕೊಟ್ಟು, ಗಾಳಿಯನ್ನು ಬೇಕೆಂದೇ ಕಡಿಮೆ ಬಿಡುತ್ತಾರೆ. ಗಾಳಿ ಸಾಕಷ್ಟು ಸಿಕ್ಕರೆ ಇದ್ದಿಲು ಪೂರ್ತಿ ಉರಿದು ಬೂದಿಯಾಗುತ್ತದೆ. ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ಇನ್ನೂ ಉರಿಯಬಲ್ಲ ಅನಿಲ. ಅದನ್ನು ಕೊಳವೆಯಲ್ಲಿ ತಂದು, ತಣಿಸಿ, ಸೋಸಿ, ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಟ್ಟರೆ ಪೆಟ್ರೋಲಿನ ಬದಲು ಅದೇ ಉರಿಯುತ್ತದೆ. ಎಂಜಿನ್ ಅದೇ ಪೆಟ್ರೋಲ್ ಎಂಜಿನ್. ಯುರೋಪಿನಲ್ಲಿಯೂ ಆ ದಿನಗಳಲ್ಲಿ ಲಕ್ಷಗಟ್ಟಲೆ ವಾಹನಗಳು ಸೌದೆ, ಇದ್ದಿಲುಗಳ ಅನಿಲದಲ್ಲಿ ಓಡಿದವು.

ಹೇಳಲು ಸುಲಭ. ಅಪ್ಪ ಬೆಳಗಿನ ನಾಲ್ಕಕ್ಕೆ ಎದ್ದು ಒಲೆಯ ಬೂದಿ ಕೆದಕಿ, ಹೊಸ ಇದ್ದಿಲು ಸುರಿದು, ಬೀಸಣಿಕೆಯ ಹಿಡಿಕೆ ತಿರುಗಿಸಬೇಕಿತ್ತು. ಅನಿಲ ಹದಕ್ಕೆ ಬಂತೇ ಎಂದು ತಿಳಿಯಲು ಕೊಳವೆಯ ಬಾಯಿಗೆ ಬೆಂಕಿಕಡ್ಡಿ ಹಿಡಿಯುವುದು. ನೀಲಿ ಜ್ವಾಲೆ ನಿಂತು ಉರಿದರೆ ಚಾಲಕರನ್ನು ಕರೆಯಬಹುದು. ಅಷ್ಟರಲ್ಲಿ ಅಪ್ಪನ ಮುಖದಲ್ಲಿ ಕಣ್ಣು ಹಲ್ಲು ಮಾತ್ರ ಕಾಣುತ್ತಿತ್ತಂತೆ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಬಸ್ ನಿಲ್ದಾಣದಲ್ಲಿ ಅಪ್ಪನನ್ನು ಗುರುತಿಸದೆ, ‘ನಮ್ಮ ಮನೆಯವರನ್ನು ನೋಡಿದಿರಾ’ ಎಂದು ಅಪ್ಪನನ್ನೇ ಕೇಳಿದ್ದರು. ಇದು ನಮ್ಮ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಹೇಳುವ ಕಥೆ.

ಆ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಗಾಳಿಯ ಜೊತೆ ಬಂದ ಸಾರಜನಕ. ಅದು ಉರಿಯುವುದಿಲ್ಲ, ಸುಮ್ಮನೆ ಜಾಗ ತಿನ್ನುತ್ತದೆ. ಹಾಗಾಗಿ ಎಂಜಿನ್ನಿನ ಬಲ ಮೂರನೆಯ ಒಂದು ಪಾಲಿಗೂ ಹೆಚ್ಚು ಕುಸಿಯುತ್ತಿತ್ತು. ಬಯಲಿನಲ್ಲಿ ಹೇಗೋ ನಡೆದೀತು. ದೇವಿಮನೆ ಘಟ್ಟದಲ್ಲಿ ನಡೆಯುವವರು ಪ್ರಯಾಣಿಕರು. ತಿರುವು ಬಂದಾಗ ಗಂಡಸರೆಲ್ಲ ಇಳಿಯುವುದು, ಇನ್ನೂ ಕಡಿದಾದರೆ ತಳ್ಳುವುದು. ಟಿಕೆಟ್ ದರದಲ್ಲಿ ರಿಯಾಯಿತಿ ಇರಲಿಲ್ಲ.

ಇದನ್ನು ‘ಎಂಥ ಚೆಂದದ ಕಾಲ’ ಎಂದು ಬರೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮನುಷ್ಯನನ್ನು ಕೊಲ್ಲುತ್ತದೆ. ಅಪ್ಪ ಒಮ್ಮೆ ಮಳೆಗೆ ಹೆದರಿ ಮುಚ್ಚಿದ ಷೆಡ್ಡಿನೊಳಗೆ ಒಲೆ ಹೊತ್ತಿಸಿ ತಲೆ ತಿರುಗಿ ಬಿದ್ದಿದ್ದರು. ಚಾಲಕರು ಕಾಲು ಹಿಡಿದು ಹೊರಗೆ ಎಳೆದು ಹಾಕಿದ್ದರಿಂದ ಈ ಅಂಕಣ ಬರೆಯಲು ನಾನು ಹುಟ್ಟಿದೆ.

*

ಪ್ರಶ್ನೆ: ಅಪ್ಪ 1971ರಲ್ಲಿ ಕೊಂಡ ಫಿಯೆಟ್ 1100 ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷಗಳಿಂದ ನಿಂತಿದೆ. ಗುಜರಿಗೆ ಕೊಡು ಎನ್ನುತ್ತಾರೆ ಎಲ್ಲರೂ. ಮತ್ತೆ ಓಡಿಸಬಹುದೇ? ವಿಂಟೇಜ್ ನಂಬರ್ ಸಿಗುತ್ತದೆಯೇ? (ಒಬ್ಬ ಓದುಗರು, ಅಂಕೋಲಾ)

ಉತ್ತರ: ಗುಜರಿಯವರಿಗೆ ಬಾಗಿಲು ಹಾಕಿ.

ಮೊದಲು ಕೀಲಿ ತಿರುಗಿಸುವ ಆಸೆ ಬಿಡಿ. ಹದಿನೆಂಟು ಮಳೆಗಾಲದ ಉಪ್ಪುಗಾಳಿ ಕುಡಿದ ಎಂಜಿನ್ ಅದು, ರಿಂಗುಗಳು ಸಿಲಿಂಡರಿಗೆ ಹಿಡಿದಿರುತ್ತವೆ. ನಾಲ್ಕೂ ಪ್ಲಗ್ ಬಿಚ್ಚಿ ಒಂದೊಂದು ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಡಿ, ಎರಡು ದಿನ ಹಾಗೇ ಇರಲಿ. ಆಮೇಲೆ ಪ್ಲಗ್ ಹಾಕದೆ ನಾಲ್ಕನೆಯ ಗೇರಿನಲ್ಲಿಟ್ಟು ಇಬ್ಬರು ಮೆಲ್ಲಗೆ ತಳ್ಳಿ. ಎಂಜಿನ್ ತಿರುಗಿದರೆ ಅರ್ಧ ಗೆದ್ದಿರಿ. ತಿರುಗದಿದ್ದರೆ ಇನ್ನೆರಡು ದಿನ ಆಯಿಲ್. ಜೋರು ಮಾಡಬೇಡಿ. ಓಡಿಸುವ ಮುನ್ನ ನಾಲ್ಕೂ ಡ್ರಮ್ ಬಿಚ್ಚಿ ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಿಸಿ. ಓಡದ ಕಾರಿಗಿಂತ ನಿಲ್ಲದ ಕಾರು ಕೆಟ್ಟದ್ದು. ಟೈರ್ ಕಣ್ಣಿಗೆ ಹೊಸದರಂತೆ ಕಂಡರೂ ಎಸೆಯಿರಿ.

ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಸಿ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಹೊಸ ಪೈಪ್ ಹಾಕಿಸಿ, ಪಂಪಿನ ಡಯಾಫ್ರಾಮ್ ಬದಲಿಸಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬೇಡಿ.

ಬಿಸಿಲಿನಲ್ಲಿ ಘಟ್ಟ ಹತ್ತುವಾಗ ಎಂಜಿನ್ ಸುಮ್ಮನೆ ನಿಂತರೆ ಗಾಬರಿಯಾಗಬೇಡಿ. ಶಾಖಕ್ಕೆ ಪೆಟ್ರೋಲ್ ಪಂಪಿನೊಳಗೇ ಆವಿಯಾಗಿರುತ್ತದೆ, ಪಂಪ್ ಆವಿಯನ್ನು ಎಳೆಯಲಾರದು. ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕುಳಿತುಕೊಳ್ಳಿ. ನಿಮ್ಮ ಅಪ್ಪನ ಕಾಲದಲ್ಲಿ ಬೋನೆಟ್ ಎತ್ತಿ ಪಂಪಿಗೆ ಪಂಚೆಯ ತುಂಡು ಸುತ್ತಿ ನಿಂತ ಫಿಯೆಟ್ಟುಗಳು ಘಟ್ಟದ ಪ್ರತಿ ನೆರಳಿಗೂ ಒಂದಿದ್ದವು.

ನಂಬರಿನ ವಿಷಯ. 2021ರ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಷಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಇಲ್ಲದ ವಾಹನ ವಿಂಟೇಜ್ ಎನಿಸುತ್ತದೆ. ನಿಮ್ಮದು ದಾಟಿದೆ. ಹೊಸದಾಗಿ ನೋಂದಾಯಿಸಿದರೆ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ಮೊದಲೇ ನೋಂದಣಿ ಇದ್ದ ವಾಹನ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಅಪ್ಪನ ನಂಬರ್ ಉಳಿಸಿಕೊಳ್ಳಿ ಎಂದು ನನ್ನ ಸಲಹೆ, ಕಾಗದ ಹುಡುಕಿ. ಆದರೆ ವಿಂಟೇಜ್ ಎಂದಾದ ಮೇಲೆ ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೇ ರಸ್ತೆಗೆ ತರಬಹುದು. ದಿನವೂ ಮೀನು ಪೇಟೆಗೆ ಹೋಗುವಂತಿಲ್ಲ.

*

ತಿದ್ದುಪಡಿ: ಅಂಬಾಸಿಡರ್ ತಯಾರಿಕೆ 2012ರಲ್ಲಿ ನಿಂತಿತು ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಭಟ್ಕಳದ ಓದುಗರೊಬ್ಬರು ಕಿವಿ ಹಿಂಡಿದ್ದಾರೆ. ನಿಂತದ್ದು 2014ರ ಮೇ ತಿಂಗಳಿನಲ್ಲಿ. 1957ರಿಂದ ಲೆಕ್ಕ ಹಾಕಿದರೆ ಐವತ್ತೇಳು ವರ್ಷ. ನಾನು ಎರಡನ್ನು ಕದ್ದಿದ್ದೆ.

*

ಪ್ರಶ್ನೆ: ಮೇಸ್ತ್ರಿಗಳೇ, ಅಟ್ಟದ ಮೇಲೆ ಎರಡು ಕಡೆ ಬಾಗಿದ ಕಬ್ಬಿಣದ ಸರಳು ಸಿಕ್ಕಿದೆ. ಒಂದು ತುದಿಗೆ ಅಡ್ಡ ಗೂಟ. ಬಾವಿಗೆ ಬಿದ್ದ ಕೊಡ ಎತ್ತಲು ಆಯಿ ಅದನ್ನೇ ಹಗ್ಗಕ್ಕೆ ಕಟ್ಟುತ್ತಿದ್ದರು. ಯಾವ ಕಾರಿನದು? (ಒಬ್ಬ ಓದುಗರು, ಯಲ್ಲಾಪುರ)

ಉತ್ತರ: ಎಂಜಿನ್ ತಿರುಗಿಸುವ ಹ್ಯಾಂಡಲ್ ಅದು. ವಿದ್ಯುತ್ತಿನ ಸೆಲ್ಫ್ ಸ್ಟಾರ್ಟರ್ 1912ರಲ್ಲೇ ಕ್ಯಾಡಿಲಾಕ್ ಕಾರಿಗೆ ಬಂದಿದ್ದರೂ, ನಮ್ಮಲ್ಲಿ ಬ್ಯಾಟರಿ ನಂಬದವರು ಎಷ್ಟೋ ವರ್ಷ ಡಿಕ್ಕಿಯಲ್ಲಿ ಹ್ಯಾಂಡಲ್ ಇಟ್ಟುಕೊಂಡೇ ಓಡಾಡಿದರು. ಯಾವ ಕಾರಿನದು ಎಂದು ಹೇಳಲು ಗೂಟದ ಉದ್ದ, ದಪ್ಪ, ಸರಳಿನ ಒಟ್ಟು ಅಳತೆ ಬೇಕು. ಬರೆದು ಕಳುಹಿಸಿ.

ಎಲ್ಲಿಯಾದರೂ ಕಾರಿಗೆ ಹಾಕಿ ಹೊಡೆದು ನೋಡುವ ಹುಕಿ ಬಂದರೆ, ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಡಿ, ಹಿಡಿಕೆಯನ್ನು ಸುತ್ತುವರಿದು ಹಿಡಿಯಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ಕೆಳಕ್ಕೆ ಒತ್ತಬೇಡಿ. ಕಿಡಿ ಹೊತ್ತಿಗೆ ಮುಂಚೆ ಹಾರಿದರೆ ಎಂಜಿನ್ ಹಿಂದಕ್ಕೆ ಒದೆಯುತ್ತದೆ. ನನ್ನ ಬಲ ಮುಂಗೈ ಈಗಲೂ ಕೊಂಚ ಓರೆ. 1966ರಲ್ಲಿ ಒಂದು ಹಳೆಯ ಷೆವರ್ಲೆ ಕೊಟ್ಟ ಒದೆತ ಅದು. ಈ ಉತ್ತರ ಬರೆಯುವಾಗಲೂ ಅಕ್ಷರಗಳು ಎಡಕ್ಕೆ ವಾಲಿವೆ, ಸಂಪಾದಕರು ಕ್ಷಮಿಸಬೇಕು.

ಅಳತೆ ತೆಗೆದ ಮೇಲೆ ಸರಳನ್ನು ಆಯಿಯ ಕೈಗೇ ಕೊಡಿ. ಕೊಡ ಇನ್ನೂ ಬೀಳುತ್ತಿರುತ್ತದೆ.